ಎರಡನೇ ಹಾರ್ಡ್ ಡಿಸ್ಕ್‌ಗೆ ಹೋಗುವ ಮುನ್ನ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಹೊತ್ತಿಗೆ ನಮ್ಮ ಕಡೆಯ ಎಷ್ಟೋ ಅಂಗಡಿಗಳಲ್ಲಿ, ಮನೆಗಳಲ್ಲಿ ಒಂದೇ ಮಾತು: ಹೊಸ ಕಂಪ್ಯೂಟರ್ ಕೊಳ್ಳೋಣವೇ, ಇದ್ದದ್ದಕ್ಕೇ ಇನ್ನೊಂದು ಡಿಸ್ಕ್ ಹಾಕಿಸೋಣವೇ? ಕೊಳ್ಳೇಗಾಲದಲ್ಲಿ ನನ್ನ ಚಾಚಾಗೆ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಹನೂರು, ಯಳಂದೂರು ಕಡೆಯಿಂದಲೂ ಜನ ಅರ್ಜಿ ತುಂಬಿಸಲು, ಮದುವೆ ಕಾರ್ಡ್ ಮಾಡಿಸಲು ಬರುತ್ತಾರೆ. ರೇಷ್ಮೆ ರೀಲರ್‌ಗಳ ಲೆಕ್ಕವೂ ಅಲ್ಲೇ ಟ್ಯಾಲಿಯಲ್ಲಿ ಬರೆಯಲಾಗುತ್ತದೆ. ರಜೆಯಲ್ಲಿ ಆ ಕಂಪ್ಯೂಟರ್‌ಗೆ ಎರಡನೇ ಡಿಸ್ಕ್ ಹಾಕಿ ಎಲ್ಲವನ್ನೂ ಸಾಗಿಸುವ ಕೆಲಸಕ್ಕೆ ನಾನೂ ಕೈಜೋಡಿಸಿದೆ. ಆಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಅನುಮಾನ ಪರಿಹರಿಸುತ್ತೇನೆ. 500 ಜಿಬಿ ಎಂದು ಕೊಂಡ ಡಿಸ್ಕ್ ವಿಂಡೋಸ್‌ನಲ್ಲಿ 465 ಜಿಬಿ ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅಷ್ಟೇ ವ್ಯತ್ಯಾಸ.

ಡಿಸ್ಕ್‌ನಲ್ಲಿ ಇರುವುದು ಮೂರು ಬಗೆ

ಒಂದು ಅಂಗಡಿಯನ್ನು ಬೇರೆ ಬೀದಿಗೆ ಸಾಗಿಸುತ್ತೀರಿ ಎಂದುಕೊಳ್ಳಿ. ಸರಕನ್ನು ಗಾಡಿಗೆ ತುಂಬಿ ಒಯ್ಯಬಹುದು. ಗೋಡೆಗೆ ಕೂರಿಸಿದ ಕಪಾಟು, ಕರೆಂಟ್ ಮೀಟರ್ ಹಾಗಲ್ಲ. ಹೊಸ ಜಾಗದಲ್ಲಿ ಮತ್ತೆ ಕೂರಿಸಬೇಕು. ಕಂಪ್ಯೂಟರ್‌ನಲ್ಲೂ ಹೀಗೆಯೇ. ನಮ್ಮ ಫೋಟೋ, ಪತ್ರ, ಲೆಕ್ಕ ಇವು ಸರಕು. ಟ್ಯಾಲಿ, ನುಡಿ, ಪ್ರಿಂಟರ್ ಸಾಫ್ಟ್‌ವೇರ್ ಇವು ಕಪಾಟು. ಇವುಗಳ ಜೊತೆಗೆ ನಮ್ಮ ಸೆಟ್ಟಿಂಗ್‌ಗಳೂ ಇರುತ್ತವೆ. ಪ್ರೋಗ್ರಾಂ ಇನ್‌ಸ್ಟಾಲ್ ಆದಾಗ ತಾನು ಎಲ್ಲಿದ್ದೇನೆ ಎಂಬುದನ್ನು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಬರೆದುಕೊಳ್ಳುತ್ತದೆ. ಪ್ರೋಗ್ರಾಂ ಫೋಲ್ಡರನ್ನು ಸುಮ್ಮನೆ ಡಿ ಡ್ರೈವ್‌ಗೆ ಎಳೆದು ಹಾಕಿದರೆ ಅದು ಬಹುಪಾಲು ಓಡುವುದಿಲ್ಲ. ಹೊಸ ಜಾಗದಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಬೇಕು.

ಇಲ್ಲಿ ಮುಖ್ಯವಾದದ್ದು ವಿಳಾಸ. ನಮ್ಮ ಕೊಳ್ಳೇಗಾಲವನ್ನೇ ನೋಡಿ. 1956ರ ನವೆಂಬರ್ 1ರವರೆಗೆ ಇದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಸೇರಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಬಂತು. ಊರು ಕದಲಲಿಲ್ಲ, ವಿಳಾಸ ಬದಲಾಯಿತು. ಕಂಪ್ಯೂಟರ್‌ನಲ್ಲಿ ಫೈಲೇ ಕದಲುತ್ತದೆ. ಹೊಸ ವಿಳಾಸ ತಿಳಿಸದಿದ್ದರೆ ಪ್ರೋಗ್ರಾಂ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಸ್ವಂತ ಫೈಲ್‌ಗಳು

ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್, ವಿಡಿಯೋಸ್ ಫೋಲ್ಡರ್‌ಗಳಿಗೆ ವಿಂಡೋಸ್‌ನಲ್ಲೇ ಸುಲಭ ದಾರಿ ಇದೆ. ಮೊದಲು ಡಿ ಡ್ರೈವ್‌ನಲ್ಲಿ ಅದೇ ಹೆಸರಿನ ಫೋಲ್ಡರ್ ಮಾಡಿ. ಆಮೇಲೆ ಹಳೆಯ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅದರಲ್ಲಿ ಲೊಕೇಶನ್, ಅದರಲ್ಲಿ ಮೂವ್ ಒತ್ತಿ ಹೊಸ ಫೋಲ್ಡರನ್ನು ತೋರಿಸಿ. ಹೀಗೆ ಮಾಡಿದರೆ ಫೈಲ್‌ಗಳ ಜೊತೆ ವಿಳಾಸವೂ ಬದಲಾಗುತ್ತದೆ. ಆದರೆ ನಿಮ್ಮ ಹೆಸರಿನ ಇಡೀ ಯೂಸರ್ ಫೋಲ್ಡರನ್ನು ಎಳೆದು ಹಾಕಬೇಡಿ. ಅದರೊಳಗೆ ಆಪ್‌ಡೇಟಾ ಎಂಬ ಅಡಗಿದ ಫೋಲ್ಡರ್ ಇರುತ್ತದೆ. ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್‌ಗಳನ್ನು ಅಲ್ಲಿ ಇಟ್ಟುಕೊಂಡಿರುತ್ತವೆ.

ಟ್ಯಾಲಿ

ವಾಣಿಜ್ಯ ವಿಭಾಗದ ಗೆಳೆಯರು ಇದನ್ನು ಗಮನಿಸಿ. ಟ್ಯಾಲಿಯ ಲೆಕ್ಕಗಳು ಸಾಮಾನ್ಯವಾಗಿ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಅದಕ್ಕೆ ಬೇರೆಯೇ ಡೇಟಾ ಫೋಲ್ಡರ್ ಇದೆ. ಒಂದೊಂದು ಕಂಪನಿಯ ಲೆಕ್ಕವೂ ಅದರಲ್ಲಿ ಅಂಕಿಗಳ ಹೆಸರಿನ ಒಂದೊಂದು ಫೋಲ್ಡರ್ ಆಗಿರುತ್ತದೆ. ಗೊತ್ತಿಲ್ಲದವರು ಅದನ್ನು ಕಸ ಎಂದುಕೊಳ್ಳಬಹುದು. ನಮಗೆ ಪರಿಚಯದ ರೀಲರ್ ಒಬ್ಬರಿಗೆ ಹೀಗೆಯೇ ಆಯಿತು. ಡಾಕ್ಯುಮೆಂಟ್ಸ್ ಮಾತ್ರ ಕಾಪಿ ಮಾಡಿ, ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಕೊಟ್ಟಿದ್ದರು. ಒಂದು ವರ್ಷದ ಲೆಕ್ಕವನ್ನು ಬಿಲ್‌ಗಳಿಂದ ಮತ್ತೆ ಬರೆಯಬೇಕಾಯಿತು.

ಸರಿಯಾದ ದಾರಿ ಹೀಗಿದೆ: ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಟ್ಯಾಲಿ ಮುಚ್ಚಿ, ಡೇಟಾ ಫೋಲ್ಡರನ್ನು ಹೊಸ ಡಿಸ್ಕ್‌ಗೆ ಕಾಪಿ ಮಾಡಿ. ಆಮೇಲೆ ಎಫ್1 ಒತ್ತಿ, ಸೆಟ್ಟಿಂಗ್ಸ್‌ನ ಡೇಟಾ ಕಾನ್ಫಿಗರೇಷನ್‌ನಲ್ಲಿ ಹೊಸ ವಿಳಾಸ ಕೊಡಿ. ಕೊನೆಗೆ ಹಳೆಯ ಟ್ರಯಲ್ ಬ್ಯಾಲೆನ್ಸ್ ಮತ್ತು ಹೊಸದರ ಟ್ರಯಲ್ ಬ್ಯಾಲೆನ್ಸ್ ಒಂದೇ ಇದೆಯೇ ಎಂದು ತಾಳೆ ನೋಡಿ.

ನುಡಿ ಮತ್ತು ಇನ್‌ಪೇಜ್

ಚಾಚಾ ಅಂಗಡಿಯ ಮದುವೆ ಕಾರ್ಡ್‌ಗಳಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಇರುತ್ತವೆ. ಹಳೆಯ ನುಡಿ ಫಾಂಟ್‌ಗಳಲ್ಲಿ ಬರೆದ ಕನ್ನಡ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಹೊಸದಾಗಿ ವಿಂಡೋಸ್ ಹಾಕಿದ ಡಿಸ್ಕ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ, ಫೈಲ್ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹೆದರಿ ಅಳಿಸಬೇಡಿ, ಫೈಲ್ ಹಾಳಾಗಿಲ್ಲ. ಫಾಂಟ್ ಹಾಕಿದರೆ ಕನ್ನಡ ಮರಳಿ ಬರುತ್ತದೆ. ಆದ್ದರಿಂದ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನೂ ತೆಗೆದಿಟ್ಟುಕೊಳ್ಳಿ. ಮುಖ್ಯವಾದ ಬರಹಗಳನ್ನು ಯೂನಿಕೋಡ್‌ಗೆ ಬದಲಿಸುವುದು ಇನ್ನೂ ಒಳ್ಳೆಯದು. ಉರ್ದು ಇನ್‌ಪೇಜ್ ಫೈಲ್‌ಗಳನ್ನು ತೆರೆಯಲು ಇನ್‌ಪೇಜ್ ಸಾಫ್ಟ್‌ವೇರ್ ಬೇಕು. ಬೇಕಾದವುಗಳ ಪಿಡಿಎಫ್ ಪ್ರತಿಯನ್ನೂ ಜೊತೆಗಿಡಿ.

ವಿಂಡೋಸ್ ಎಲ್ಲಿರಬೇಕು?

ಹಳೆಯ ಹಾರ್ಡ್ ಡಿಸ್ಕ್‌ನೊಳಗೆ ತಟ್ಟೆ ತಿರುಗುತ್ತದೆ. ಅದು ಒಂದು ಸೆಕೆಂಡಿಗೆ ಸುಮಾರು 100ರಿಂದ 200 ಎಂಬಿ ಓದುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸಾಟಾ ಎಸ್‌ಎಸ್‌ಡಿ ಸುಮಾರು 500 ಎಂಬಿವರೆಗೆ ಓದುತ್ತದೆ. ಹಾಗಾಗಿ ವಿಂಡೋಸ್ ಮತ್ತು ಪ್ರೋಗ್ರಾಂ ಎಸ್‌ಎಸ್‌ಡಿಯಲ್ಲಿ, ದೊಡ್ಡ ಫೈಲ್‌ಗಳು ಹಾರ್ಡ್ ಡಿಸ್ಕ್‌ನಲ್ಲಿ ಇದ್ದರೆ ಹಣಕ್ಕೂ ಒಳ್ಳೆಯದು, ವೇಗಕ್ಕೂ ಒಳ್ಳೆಯದು.

ವಿಂಡೋಸನ್ನು ಸಾಗಿಸಲು ಎರಡು ದಾರಿ. ಕ್ಲೋನಿಂಗ್ ಸಾಫ್ಟ್‌ವೇರ್‌ನಿಂದ ಇಡೀ ಡಿಸ್ಕ್‌ನ ತದ್ರೂಪು ಮಾಡಬಹುದು. ಆಗ ಎಲ್ಲವೂ ಇದ್ದ ಹಾಗೆಯೇ ಬರುತ್ತದೆ, ಹಳೆಯ ಕಸವೂ ವೈರಸ್ಸೂ ಸೇರಿ. ಇಲ್ಲವೇ ಹೊಸದಾಗಿ ವಿಂಡೋಸ್ ಹಾಕಬಹುದು. ಕೆಲಸ ಹೆಚ್ಚು, ಆದರೆ ಮನೆ ಶುಚಿ. ಎರಡರಲ್ಲಿ ಯಾವುದಾದರೂ ಸರಿ, ಶುರು ಮಾಡುವ ಮುನ್ನ ಬಿಟ್‌ಲಾಕರ್ ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದು ಇಲ್ಲದೆ ನಿಮ್ಮದೇ ಫೈಲ್‌ಗಳು ನಿಮಗೇ ಸಿಗದಿರಬಹುದು.

ಕಾಪಿ ಮಾಡಿ, ಕಟ್ ಮಾಡಬೇಡಿ

ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಯುಪಿಎಸ್ ಇಲ್ಲದೆ ದೊಡ್ಡ ಫೋಲ್ಡರ್‌ಗಳನ್ನು ಸಾಗಿಸಬೇಡಿ. ಮೂವ್ ಆಯ್ಕೆ ಬಳಸುವ ಮುನ್ನವೂ ಒಂದು ಪ್ರತಿ ಬೇರೆ ಕಡೆ ಇರಲಿ. ಕಾಪಿ ಮುಗಿದ ಮೇಲೆ ಎರಡೂ ಕಡೆಯ ಫೈಲ್‌ಗಳ ಸಂಖ್ಯೆ ಮತ್ತು ಗಾತ್ರ ಹೋಲಿಸಿ. ಬೇರೆ ಬೇರೆ ಫೋಲ್ಡರ್‌ಗಳಿಂದ ಕೆಲವನ್ನು ತೆರೆದು ನೋಡಿ. ಹಳೆಯ ಡಿಸ್ಕನ್ನು ಒಂದು ತಿಂಗಳಾದರೂ ಮುಟ್ಟದೆ ಇಡಿ. ಏನು ಮರೆತಿದ್ದೇವೆ ಎಂಬುದು ಬೇಕಾದಾಗಲೇ ಗೊತ್ತಾಗುವುದು.

ಎರಡನೇ ಡಿಸ್ಕ್ ಇದೆ, ಇನ್ನು ಭಯವಿಲ್ಲ ಎನ್ನುವವರಿಗೆ ಒಂದು ಮಾತು. ಫೈಲ್ ಸಿಯಲ್ಲಿ ಇಲ್ಲದೆ ಡಿಯಲ್ಲಿ ಮಾತ್ರ ಇದ್ದರೆ ಅದು ಬ್ಯಾಕಪ್ ಅಲ್ಲ, ಸ್ಥಳಾಂತರ ಮಾತ್ರ. ಎರಡರಲ್ಲೂ ಇದ್ದರೂ ಎರಡೂ ಒಂದೇ ಪೆಟ್ಟಿಗೆಯೊಳಗಿವೆ. ಸಿಡಿಲು, ಕಳ್ಳತನ, ರಾನ್ಸಮ್‌ವೇರ್ ಯಾವುದು ಬಂದರೂ ಎರಡಕ್ಕೂ ಬರುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ ಎಂಬುದು ಬ್ಯಾಕಪ್‌ನ ಹಳೆಯ ಸೂತ್ರ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ಸಾಮಾನ್ಯ ಹಾರ್ಡ್ ಡಿಸ್ಕ್‌ಗೆ ಸಿಗುವ ವಾರಂಟಿ ಎರಡು ಮೂರು ವರ್ಷ. ಅದೂ ಡಿಸ್ಕ್‌ಗೆ ಮಾತ್ರ, ಒಳಗಿನ ಲೆಕ್ಕಕ್ಕಲ್ಲ.

ಹಳೆಯ ಡಿಸ್ಕ್

ಕೊನೆಗೆ ಹಳೆಯ ಡಿಸ್ಕನ್ನು ಏನು ಮಾಡುವುದು? ಡಿಲೀಟ್ ಮಾಡಿದರೂ, ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಹಾರ್ಡ್ ಡಿಸ್ಕ್‌ನ ಫೈಲ್‌ಗಳನ್ನು ಮತ್ತೆ ಹೊರತೆಗೆಯಬಹುದು. ಪಟ್ಟಿ ಅಳಿಯುತ್ತದೆ, ಫೈಲ್ ಉಳಿಯುತ್ತದೆ. ಮಾರುವ ಮುನ್ನ ಕ್ವಿಕ್ ಎಂಬ ಗುರುತು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಬೇಕು. ಆಗ ಇಡೀ ಡಿಸ್ಕ್ ಮೇಲೆ ಸೊನ್ನೆಗಳು ಬರೆಯಲ್ಪಡುತ್ತವೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಎಸ್‌ಎಸ್‌ಡಿ ಆದರೆ ತಯಾರಕರ ಸಾಫ್ಟ್‌ವೇರ್‌ನಲ್ಲಿರುವ ಸೆಕ್ಯೂರ್ ಇರೇಸ್ ಬಳಸಬೇಕು.

ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ಅಧಿಕಾರಿಯನ್ನು ಕೆಲಸದಿಂದ ತಡೆಹಿಡಿದರು ಎಂದರ್ಥ. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ಬೇರೆಯವರು ನಂಬಿ ನಮ್ಮ ಕೈಗೆ ಕೊಟ್ಟ ವಸ್ತು. ಚಾಚಾ ಅಂಗಡಿಯ ಡಿಸ್ಕ್‌ನಲ್ಲಿ ಎಷ್ಟೋ ಮನೆಗಳ ಆಧಾರ್ ಪ್ರತಿ, ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಹೆಣ್ಣುಮಕ್ಕಳ ಫೋಟೋ ಇದ್ದವು. ಅದನ್ನು ಹಳೆ ಸಾಮಾನಿನವರಿಗೆ ಹಾಗೆಯೇ ಕೊಟ್ಟರೆ ಸಿಗುವುದು ಕೆಲವು ನೂರು ರೂಪಾಯಿ. ನಾವು ಪೂರ್ಣ ಫಾರ್ಮ್ಯಾಟ್‌ಗೆ ಹಚ್ಚಿ ಊಟಕ್ಕೆ ಹೋದೆವು. ಸಂಜೆ ಬಂದಾಗಲೂ ಅದು ಓಡುತ್ತಲೇ ಇತ್ತು. ಚಾಚಾ ಅಂದು ಅಂಗಡಿ ಮುಚ್ಚಿದ್ದು ಅದು ಮುಗಿದ ಮೇಲೆಯೇ.