ದೊರೆಗಳನ್ನು ಕರೆಯುತ್ತಿದ್ದ ಬಗೆ

ಒಬ್ಬರನ್ನು ಏನೆಂದು ಕರೆಯಬೇಕೆಂಬುದು ಸಣ್ಣ ಸಂಗತಿಯಂತೆ ತೋರುತ್ತದೆ. ಆದರೆ ಊಳಿಗಮಾನ್ಯ ಸಮಾಜದಲ್ಲಿ ಕರೆಯುವ ಮಾತೇ ಅಧಿಕಾರದ ಅಳತೆಗೋಲಾಗಿದ್ದಿತು. ಇದನ್ನರಿಯಲು ದೂರ ಹೋಗಬೇಕಾಗಿಲ್ಲ. ಬಳ್ಳಾರಿಯ ನೆರೆಹೊರೆಯ ಕಲ್ಲುಗಳೇ ಸಾಕು.

ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೊಳಗಳಲ್ಲಿ ಅಶೋಕನ ಶಾಸನಗಳಿವೆ. ಅವನ ಶಾಸನಗಳಲ್ಲಿ ಹೆಚ್ಚಿನವು ಹೆಸರನ್ನೆತ್ತದೆ ‘ದೇವಾನಾಂಪ್ರಿಯ’ ಎಂದಷ್ಟೇ ಹೇಳುತ್ತವೆ. ಅಶೋಕನೆಂಬ ಹೆಸರು ಕಾಣುವ ಕೆಲವೇ ಶಾಸನಗಳಲ್ಲಿ ಇವೆರಡೂ ಸೇರಿವೆ. ವಿಚಿತ್ರವೆಂದರೆ, ದೇವತೆಗಳಿಗೆ ಪ್ರಿಯನೆಂಬ ಆ ಗೌರವದ ಮಾತಿಗೆ ಮುಂದೆ ಸಂಸ್ಕೃತದಲ್ಲಿ ‘ಮೂರ್ಖ’ನೆಂಬ ಅರ್ಥ ಬಂದಿತು!

ಇನ್ನು ಕುರುಗೋಡು. ಇಲ್ಲಿ ಬಲ್ಲಕುಂದೆ 300ನ್ನು ಆಳಿದ ಸಿಂದರು ಕಲ್ಯಾಣದ ಚಾಳುಕ್ಯರ ಸಾಮಂತರು. 12ನೆಯ ಶತಮಾನದ ರಾಚಮಲ್ಲ ಈ ವಂಶದವನು. ಆ ಕಾಲದ ಶಾಸನಗಳಲ್ಲಿ ಒಂದು ಕಟ್ಟುನಿಟ್ಟಾದ ಕ್ರಮವುಂಟು. ಮೊದಲು ಚಕ್ರವರ್ತಿ: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ. ಆಮೇಲೆ ‘ತತ್ಪಾದಪದ್ಮೋಪಜೀವಿ’, ಅಂದರೆ ಆತನ ಪಾದಕಮಲವನ್ನಾಶ್ರಯಿಸಿ ಬಾಳುವವನು, ಎಂಬ ಮಾತು. ಅದಾದ ಮೇಲಷ್ಟೇ ‘ಸಮಧಿಗತ ಪಂಚಮಹಾಶಬ್ದ ಮಹಾಮಂಡಲೇಶ್ವರ’ನಾದ ಸಾಮಂತ. ಪಂಚಮಹಾಶಬ್ದವೆಂದರೆ ಐದು ವಾದ್ಯಗಳನ್ನು ನುಡಿಸಿಕೊಳ್ಳುವ ಗೌರವ. ಹೀಗೆ ತನ್ನ ನಾಡಿನಲ್ಲಿ ದೊರೆಯಾದವನು ಕಲ್ಯಾಣದ ಮುಂದೆ ಪಾದೋಪಜೀವಿ!

ಸಿಂದರು ತಮ್ಮನ್ನು ‘ಭೋಗಾವತೀಪುರವರಾಧೀಶ್ವರ’ರೆಂದೂ ಕರೆದುಕೊಂಡರು. ಭೋಗಾವತಿ ಪುರಾಣದ ನಾಗರ ಪಟ್ಟಣ. ನಾಗವಂಶದವರೆಂಬ ಹೆಮ್ಮೆಯೇ ಇದರ ತಿರುಳು. ಸವದತ್ತಿಯ ರಟ್ಟರು ‘ಲತ್ತಲೂರುಪುರವರಾಧೀಶ್ವರ’ರೆನಿಸಿಕೊಂಡದ್ದೂ ಇಂತಹುದೇ. ಆದ್ದರಿಂದ ಬಿರುದಿನಲ್ಲಿ ಊರ ಹೆಸರು ಬಂದೊಡನೆ ಅವರು ಆ ಊರನ್ನೇ ಆಳಿದರೆಂದು ತಿಳಿಯಬಾರದು.

ವಿಜಯನಗರದ ಕಾಲಕ್ಕೆ ‘ನಾಯಕ’ ಎಂಬ ಮಾತು ಮೇಲಕ್ಕೆ ಬಂದಿತು. ಬಳ್ಳಾರಿಯ ಹಂಡೆ ಪಾಳೆಯಗಾರರ ಹೆಸರಿಗೆ ಅದು ಅಂಟಿಕೊಂಡೇ ಇದ್ದಿತು. 1800ರಲ್ಲಿ ದತ್ತಮಂಡಲ ಕಂಪೆನಿಗೆ ಸೇರಿ, ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ ಮೇಲೆ ಪಾಳೆಯಗಾರರ ಪ್ರಾಬಲ್ಯ ಮುರಿಯಿತು. ಪಾಳೆಯ ಹೋಯಿತು, ಹಳ್ಳಿಗಳಲ್ಲಿ ‘ದಣಿ’, ‘ಒಡೆಯ’ ಎಂಬ ಮಾತುಗಳು ಉಳಿದವು. ‘ದಣಿ’ ಎಂದು ಕೈಮುಗಿದ ಮುದುಕನಿಗೆ, ಮೀಸೆ ಮೂಡದ ದಣಿಯ ಮಗನಿಂದ ಮರಳಿ ದೊರೆಯುತ್ತಿದ್ದುದು ಬರಿಯ ‘ಲೇ’. ಒಬ್ಬನನ್ನು ಏರಿಸುವ ಮಾತು ಇನ್ನೊಬ್ಬನನ್ನು ಇಳಿಸಿಯೇ ನಿಲ್ಲುತ್ತದೆಯಲ್ಲವೆ?

ಇದಕ್ಕೆ ಪ್ರತಿಯಾದ ದಾರಿಯೂ ನಮ್ಮಲ್ಲೇ ಇದ್ದಿತು. ಕುರುಗೋಡಿನ ಸಿಂದರು ಬಿರುದುಗಳನ್ನು ಕಲ್ಲಿಗೇರಿಸುತ್ತಿದ್ದ ಅದೇ 12ನೆಯ ಶತಮಾನದಲ್ಲಿ ಶರಣರು ಬಸವಣ್ಣ, ಅಕ್ಕಮಹಾದೇವಿ, ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ ಎಂದು ಕರೆದುಕೊಂಡರು. ಮಂತ್ರಿಗೆ ‘ಅಣ್ಣ’, ಚರ್ಮದ ಕಾಯಕದವನಿಗೂ, ದೋಣಿ ನಡೆಸುವವನಿಗೂ ‘ಅಯ್ಯ’. ಮನೆಯ ಮಾತೇ ಅವರಿಗೆ ಬಿರುದಾಯಿತು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 18ನೆಯ ವಿಧಿಯು, ಸೇನೆಯ ಹಾಗೂ ವಿದ್ಯೆಯ ಬಿರುದುಗಳ ಹೊರತು ಉಳಿದವನ್ನು ಸರಕಾರವು ಕೊಡಬಾರದೆಂದಿತು. 1971ರ 26ನೆಯ ತಿದ್ದುಪಡಿ ಮಾಜಿ ಅರಸರ ಮನ್ನಣೆಯನ್ನೂ, ರಾಜಧನವನ್ನೂ ತೆಗೆದುಹಾಕಿತು. ಆದರೆ ಕಾನೂನು ಬಿರುದನ್ನು ಅಳಿಸಬಹುದು. ನಾಲಿಗೆಯ ರೂಢಿಯನ್ನು ಅಳಿಸಬೇಕಾದವರು ನಾವು. ಅಧ್ಯಾಪಕರಿಗೆ ‘ಬರ್ರಿ ಸರ್’ ಎನ್ನುವ ನಾವು, ಗಂಟೆ ಬಾರಿಸುವ ಹಿರಿಯರಿಗೂ ‘ಬರ್ರಿ’ ಎನ್ನುತ್ತೇವೆಯೆ? ಸಹಪಾಠಿಗಳು ತಮ್ಮನ್ನು ತಾವೇ ಕೇಳಿಕೊಳ್ಳಲಿ.