ಬಿಸಿಲೇ ದೀಪ, ಅಂಗಳವೇ ಸ್ಟುಡಿಯೋ

ಮಕ್ಕಳ ಫೋಟೋ ತೆಗೆಸಬೇಕೆಂದರೆ ಒಂದು ಕಾಲದಲ್ಲಿ ತಲೆ ಬಾಚಿ, ಪೌಡರು ಹಚ್ಚಿ, ಪೇಟೆಯ ಸ್ಟುಡಿಯೋಕ್ಕೆ ಕರೆದೊಯ್ಯಬೇಕಿತ್ತು. ಮನೆಯಲ್ಲೇ ಆಗ್ಫಾ ಕ್ಲಿಕ್ ಕ್ಯಾಮರಾ ಇದ್ದವರೂ ಒಂದು ರೋಲಿಗೆ 12 ಚಿತ್ರ ಮಾತ್ರವೆಂದು ಲೆಕ್ಕ ಹಾಕಿ ಗುಂಡಿ ಒತ್ತುತ್ತಿದ್ದರು. ಈಗ ಕೈಗೆ ಮೊಬೈಲು ಬಂದಿದೆ, ಲೆಕ್ಕದ ಚಿಂತೆ ಇಲ್ಲ. ಆದರೂ ನೂರು ಚಿತ್ರ ತೆಗೆದರೆ ಮಗು ಮಗುವಿನ ಹಾಗೆ ಕಾಣುವುದು ಎರಡೋ ಮೂರೋ! ಹೌದು ತಾನೆ?

ನಮ್ಮ ಭಟ್ಕಳದ ಕಡೆ ಈ ವಿಷಯಕ್ಕೆ ತೂಕ ಇನ್ನೂ ಹೆಚ್ಚು. ಯಜಮಾನರು ದುಬೈಯಲ್ಲೋ ಸೌದಿಯಲ್ಲೋ ದುಡಿಯುವ ಮನೆಗಳು ಇಲ್ಲಿ ಎಷ್ಟಿಲ್ಲ? ಮಗಳ ಹಾಲುಹಲ್ಲು ಬಿದ್ದದ್ದು, ಮಗ ಸೈಕಲ್ ಕಲಿತದ್ದು, ಎಲ್ಲವನ್ನೂ ಆ ಅಪ್ಪ ನೋಡುವುದು ನೀವು ಕಳಿಸಿದ ಚಿತ್ರದಲ್ಲಿ. ಆ ವಯಸ್ಸು ಮತ್ತೆ ಬರುವುದಿಲ್ಲ.

ಇದಕ್ಕೆ ದುಬಾರಿ ಸಾಮಾನು ಬೇಡ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಹೆಸರು ಕೇಳಿರಬಹುದು. ಸಾಮಾನ್ಯ ಜನರ ನಿತ್ಯದ ಬದುಕೇ ಅವರ ಚಿತ್ರಗಳ ವಸ್ತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನಗೊಂಡವು. ಮಗು ತನ್ನ ಪಾಡಿಗೆ ತಾನಿರುವಾಗಲೇ ಚೆಂದ ಎಂಬುದನ್ನು ಅವರಿಂದ ಕಲಿಯಬಹುದು.

ಹೊತ್ತು ನೋಡಿ

ನಡು ಮಧ್ಯಾಹ್ನದ ಬಿಸಿಲು ನೆತ್ತಿಯಿಂದ ಬೀಳುತ್ತದೆ. ಕಣ್ಣಿನ ಗುಳಿಯಲ್ಲಿ, ಮೂಗಿನ ಕೆಳಗೆ ಕಪ್ಪು ನೆರಳು. ಸೂರ್ಯ ಮೂಡಿದ ಮೇಲಿನ ಒಂದೂವರೆ ತಾಸು, ಮುಳುಗುವ ಮುಂಚಿನ ಒಂದೂವರೆ ತಾಸು ಒಳ್ಳೆಯದು. ಆಗ ಬೆಳಕು ಓರೆಯಾಗಿ, ಮೆತ್ತಗೆ ಬರುತ್ತದೆ.

ಮಧ್ಯಾಹ್ನವೇ ತೆಗೆಯಬೇಕೆ? ಮಗುವನ್ನು ಜಗುಲಿಯ ಅಂಚಿಗೆ ಕೂರಿಸಿ, ಮುಖ ಅಂಗಳದ ಕಡೆ ಇರಲಿ. ತೆಂಗಿನ ಮರದ ಕೆಳಗೆ ಬೇಡ. ಗರಿಗಳ ಸಂದಿನಿಂದ ಬಿಸಿಲು ಸೋರಿ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗುತ್ತದೆ. ಮಾವು, ಹಲಸಿನ ದಟ್ಟ ನೆರಳು ಆದೀತು. ಮುಖದ ಒಂದು ಬದಿ ಕಪ್ಪಾದರೆ ಆ ಬದಿಗೆ ಬಿಳಿ ಪಂಚೆಯೊಂದನ್ನು ಹಿಡಿಯಲು ಯಾರಿಗಾದರೂ ಹೇಳಿ. ಬೆಳಕು ಅದಕ್ಕೆ ತಾಗಿ ಮುಖಕ್ಕೆ ಮರಳುತ್ತದೆ.

ಮಳೆಗಾಲದ ಮೋಡವನ್ನು ಬೈಯಬೇಡಿ. ಆಕಾಶವೇ ಬಿಳಿ ಬಟ್ಟೆ ಕಟ್ಟಿದ ಚಪ್ಪರವಾಗಿ ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ.

ಕಡಲ ಬದಿಯಲ್ಲಿ ಜೋಕೆ

ಜಾಲಿ ಕಡಲತೀರಕ್ಕೆ ಸಂಜೆ ಹೋದರೆ ಸೂರ್ಯ ಸಮುದ್ರದ ಮೇಲಿರುತ್ತಾನೆ. ಮಗುವನ್ನು ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಿಸಿದರೆ ಆಕಾಶ ಚೆಂದ, ಮುಖ ಮಾತ್ರ ಇದ್ದಿಲು. ನೀವೇ ಸಮುದ್ರಕ್ಕೆ ಬೆನ್ನು ಹಾಕಿದರೆ ಮಗು ಕಣ್ಣು ಮುಚ್ಚಿಕೊಳ್ಳುತ್ತದೆ, ಹಿಂದಿನಿಂದ ಬರುವ ತೆರೆಯೂ ನಿಮಗೆ ಕಾಣದು. ಅದಕ್ಕೆ ದಂಡೆಯ ಉದ್ದಕ್ಕೆ, ಒಣ ಮರಳಿನಲ್ಲಿ ನಿಲ್ಲಿ. ಮಗು ಉತ್ತರಕ್ಕೆ, ನೀವು ದಕ್ಷಿಣಕ್ಕೆ. ಬೆಳಕು ಕೆನ್ನೆಗೆ ಬದಿಯಿಂದ ಬೀಳುತ್ತದೆ, ನೀರೂ ನಿಮ್ಮ ಕಣ್ಣಂಚಿನಲ್ಲೇ ಇರುತ್ತದೆ.

ಪರದೆ ನೋಡುವಾಗ ಸುತ್ತಲಿನದು ಮರೆತು ಹೋಗುತ್ತದೆ. ಆದ್ದರಿಂದ ಇನ್ನೊಬ್ಬ ದೊಡ್ಡವರು ಮಗುವಿನ ಪಕ್ಕದಲ್ಲೇ ಇರಬೇಕು. ಮಳೆಗಾಲದಲ್ಲಂತೂ ತೆರೆಯ ಹತ್ತಿರ ಫೋಟೋದ ಮಾತೇ ಬೇಡ. ಯಾವ ಚಿತ್ರವೂ ಮಗುವಿಗಿಂತ ದೊಡ್ಡದಲ್ಲ.

ಗುಂಡಿ ಒತ್ತುವ ಮುನ್ನ

* ಮೊಬೈಲಿನ ಗಾಜನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಅಡುಗೆಮನೆಯ ಎಣ್ಣೆ ಕೈ, ಕಡಲಿನ ಉಪ್ಪು ಗಾಳಿ ಎರಡೂ ಚಿತ್ರವನ್ನು ಮಂಜು ಮಾಡುತ್ತವೆ.

* ಕುಕ್ಕರುಗಾಲಿನಲ್ಲಿ ಕೂತು ಮಗುವಿನ ಕಣ್ಣಿನ ಎತ್ತರಕ್ಕೆ ಬನ್ನಿ. ನಿಂತು ತೆಗೆದರೆ ತಲೆ ದೊಡ್ಡದು, ಕಾಲು ಗಿಡ್ಡ.

* ಮೂಗಿನ ಹತ್ತಿರ ಮೊಬೈಲು ಒಯ್ಯಬೇಡಿ, ಮೂಗೇ ದಪ್ಪ ಕಾಣುತ್ತದೆ. ನಾಲ್ಕೈದು ಅಡಿ ದೂರವಿರಿ.

* ಪರದೆಯ ಮೇಲೆ ಮಗುವಿನ ಮುಖವನ್ನು ಬೆರಳಿನಿಂದ ಮುಟ್ಟಿ. ಮೊಬೈಲು ಆ ಮುಖಕ್ಕೆ ತಕ್ಕಂತೆ ಬೆಳಕನ್ನು ಹೊಂದಿಸಿಕೊಳ್ಳುತ್ತದೆ.

* ತಲೆಯಿಂದ ಕಂಬ ಮೂಡಿದಂತೆ, ಕುತ್ತಿಗೆಗೆ ಬಟ್ಟೆ ಹಗ್ಗ ಕಟ್ಟಿದಂತೆ ಕಂಡರೆ ಒಂದು ಹೆಜ್ಜೆ ಸರಿಯಿರಿ.

"ತಂಗೀ, ನಗೇ! ಇಲ್ನೋಡೇ!" ಎಂದು ಕೂಗಿದರೆ ಹಲ್ಲು ಕಾಣುತ್ತದೆ, ನಗು ಕಾಣುವುದಿಲ್ಲ. ಕೈಗೊಂದು ಕೆಲಸ ಕೊಡಿ. ಚಿಪ್ಪು ಆರಿಸಲಿ, ಏಡಿಯ ಗೂಡು ಹುಡುಕಲಿ, ಅಜ್ಜಿಯ ಜತೆ ಹೂ ಕೊಯ್ಯಲಿ. ನೀವು ಸುಮ್ಮನೆ ಕಾಯಿರಿ. ಸಾಲಾಗಿ ಹತ್ತು ತೆಗೆದು, ಒಳ್ಳೆಯದೊಂದನ್ನು ಇಟ್ಟುಕೊಳ್ಳಿ.

ಇನ್ನೊಂದು ಮಾತು. ಮುಖ ಬೆಳ್ಳಗೆ ಮಾಡುವ ಸೌಲಭ್ಯ ಎಷ್ಟೋ ಮೊಬೈಲುಗಳಲ್ಲಿದೆ. ಅದನ್ನು ಆರಿಸಿಬಿಡಿ. ಮಗುವಿನ ಬಣ್ಣ ಯಾವುದಿದೆಯೋ ಅದೇ ಇರಲಿ. "ನನ್ನ ಬಣ್ಣ ಅಮ್ಮನಿಗೆ ಹಿಡಿಸಲಿಲ್ಲ" ಎಂದು ನಾಳೆ ಅದಕ್ಕೆ ಅನ್ನಿಸಬಾರದು, ಅಲ್ಲವೆ? ಸ್ನಾನದ ಚಿತ್ರ, ಶಾಲೆಯ ಹೆಸರು ಕಾಣುವ ಚಿತ್ರಗಳನ್ನು ಊರೆಲ್ಲ ನೋಡುವ ಕಡೆ ಹಾಕಬೇಡಿ. ಮನೆಯವರಿಗಷ್ಟೇ ಕಳಿಸಿ.

ಮೊಬೈಲು ಒಂದು ದಿನ ಕೆಡುತ್ತದೆ, ಕಳೆಯುತ್ತದೆ. ವರ್ಷಕ್ಕೆ ಹತ್ತಾದರೂ ಚಿತ್ರಗಳನ್ನು ಅಚ್ಚು ಹಾಕಿಸಿ, ಹಿಂದೆ ಮೃದುವಾದ ಪೆನ್ಸಿಲಿನಿಂದ ಹೆಸರು, ತಾರೀಕು, ಜಾಗ ಬರೆಯಿರಿ. ನಮ್ಮ ಕರಾವಳಿಯ ತೇವಕ್ಕೆ ಬೂಷ್ಟು ಬೇಗ. ಆಲ್ಬಮ್ಮನ್ನು ಗೋಡೆಗೆ ತಾಗಿಸದೆ ಒಣ ಕಪಾಟಿನಲ್ಲಿಡಿ, ಮಳೆಗಾಲ ಮುಗಿದ ಮೇಲೆ ನೆರಳಲ್ಲಿ ಬಿಡಿಸಿ ಗಾಳಿಯಾಡಿಸಿ. ರಜೆಗೆ ಬಂದ ಅಪ್ಪ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದನ್ನು ತಿರುವುವಾಗ, ತಾವಿಲ್ಲದ ದಿನಗಳೂ ಅವರಿಗೆ ಸಿಕ್ಕಾವು.