ನೀರಿನಲ್ಲಿ ಬೆಳಕೂ ಶಬ್ದವೂ

ಗಾಳಿಗಿಂತ ನೀರು ಸಾಂದ್ರವಾದುದರಿಂದ ಬೆಳಕೂ ಶಬ್ದವೂ ಅದರಲ್ಲಿ ಒಂದೇ ಬಗೆಯಾಗಿ ನಿಧಾನಿಸುವುವೆಂದು ತೋರಬಹುದು. ಪ್ರಯೋಗವು ಬೇರೆಯನ್ನೇ ಹೇಳುತ್ತದೆ. 1826ರಲ್ಲಿ ಕೊಲಾಡೊನ್ ಮತ್ತು ಸ್ಟೂರ್ಮ್ ಎಂಬವರು ಜಿನೀವಾ ಸರೋವರದೊಳಗೆ ಗಂಟೆ ಬಾರಿಸಿ, ನೀರಿನಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 1,435 ಮೀಟರೆಂದು ಅಳೆದರು. ಗಾಳಿಯಲ್ಲಿ ಅದು ಸುಮಾರು 340 ಮಾತ್ರ. ಬೆಳಕಾದರೋ ನೀರಿನಲ್ಲಿ ಮುಕ್ಕಾಲು ಪಾಲಿನ ವೇಗಕ್ಕೆ ಇಳಿಯುತ್ತದೆ. ಅದು ನಿಧಾನಿಸುವುದನ್ನು 1850ರಲ್ಲಿ ಫೂಕೊ ಸುತ್ತುವ ಕನ್ನಡಿಯಿಂದ ತೋರಿಸಲು, ನೀರಿನಲ್ಲಿ ಬೆಳಕು ಹೆಚ್ಚು ಶೀಘ್ರವಾಗಿ ಚಲಿಸುವುದೆಂದಿದ್ದ ನ್ಯೂಟನ್ನನ ಕಣವಾದವು ನಿಲ್ಲದಾಯಿತು.

ಶಬ್ದವು ವಸ್ತುವಿನ ಕಣಗಳದೇ ಕಂಪನ. ಸಾಂದ್ರತೆಯು ಅದನ್ನು ತಡೆದರೂ, ಒತ್ತಿದರೆ ಸುಲಭವಾಗಿ ಕುಗ್ಗದ ನೀರಿನ ಬಿಗುವು ಅದಕ್ಕೆ ವೇಗವನ್ನು ಕೊಡುತ್ತದೆ. ಬೆಳಕಿಗೆ ವಸ್ತುವೇ ಬೇಡ. ವಸ್ತುವಿನೊಳಗಣ ವಿದ್ಯುತ್ಕಣಗಳ ಸ್ಪಂದನದಿಂದಲೇ ಅದಕ್ಕೆ ವಿಳಂಬ. ಆದಕಾರಣ ‘ಸಾಂದ್ರ ಮಾಧ್ಯಮ’ವೆಂಬ ಒಂದೇ ಮಾತಿನಿಂದ ಎರಡನ್ನೂ ವಿವರಿಸುವುದು ಸಾಧುವಲ್ಲ.